ಖಂಡೇನವಮಿಯ ಬಿಲ್ಲೆ

ಸೋಲಾಪುರದ ಒಂದು ಕಾಲೇಜಿನಲ್ಲಿ, ಭೌತಶಾಸ್ತ್ರ ವಿಭಾಗದ ಹಿಂದೆ, ಮುರಿದ ಬೆಂಚು ಕುರ್ಚಿ ಒಟ್ಟುತ್ತಿದ್ದ ಕೋಣೆಯೊಂದನ್ನು ಖಾಲಿ ಮಾಡಿ ನಮಗೆ ಪ್ರಯೋಗಾಲಯ ಅಂತ ಕೊಟ್ಟಿದ್ದರು. ಎರಡು ಕಿಟಕಿ ಇದ್ದವು. ಧೂಳು ಬರಬಾರದೆಂದು ಎರಡಕ್ಕೂ ಕಂದು ಕಾಗದ ಅಂಟಿಸಿದ್ದೆವು. ಅದರಿಂದ ಧೂಳು ನಿಲ್ಲಲಿಲ್ಲ, ಬೆಳಕು ನಿಂತಿತು. ಹಗಲಲ್ಲೂ ಟ್ಯೂಬ್‌ಲೈಟಿನ ಕೆಳಗೆ ಕೂತು ಕೆಲಸ ಮಾಡಬೇಕಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳವು, ಲೈಟು ದಿನಕ್ಕೊಮ್ಮೆಯಾದರೂ ಹೋಗುತ್ತಿತ್ತು. ಹೋದಾಗ ಎಲ್ಲರೂ ಕರೆಂಟಿನ ಭಟ್ಟಿಯ ಕಡೆ ನೋಡುತ್ತ ಸುಮ್ಮನೆ ಕೂಡುತ್ತಿದ್ದೆವು. ಒಳಗೆ ಏನಾದರೂ ಸುಡುತ್ತಿದ್ದರೆ ಅದು ಕೆಟ್ಟಿತು ಅಂತಲೇ ಅರ್ಥ.

ನಾವು ಮಾಡುತ್ತಿದ್ದ ಕೆಲಸ ಕೇಳಲು ದೊಡ್ಡದು, ನೋಡಲು ಅಡುಗೆಮನೆಯದು. ಯಿಟ್ರಿಯಮ್, ಬೇರಿಯಮ್, ತಾಮ್ರ, ಇವುಗಳ ಪುಡಿ ಕೂಡಿಸುವುದು, ಸುಡುವುದು, ಅರೆಯುವುದು, ಮತ್ತೆ ಸುಡುವುದು, ಕೊನೆಗೆ ಒತ್ತಿ ಎಂಟಾಣೆಯಷ್ಟು ಅಗಲದ ಕರಿ ಬಿಲ್ಲೆ ಮಾಡುವುದು. ಆ ಬಿಲ್ಲೆಯನ್ನು ಬಹಳ ತಣ್ಣಗೆ ಮಾಡಿದರೆ ಅದರಲ್ಲಿ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತದೆ. ಇಂಥದಕ್ಕೆ ಅತಿವಾಹಕ ಎನ್ನುತ್ತಾರೆ. ಆಗ ಜಗತ್ತಿಗೆ ಜಗತ್ತೇ ಇದರ ಹಿಂದೆ ಓಡುತ್ತಿತ್ತು. ನಾವೂ ಓಡುತ್ತಿದ್ದೆವು, ನಮ್ಮ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಅಷ್ಟೆ.

ತಣ್ಣಗೆ ಮಾಡಲು ದ್ರವ ಸಾರಜನಕ ಬೇಕು. ಅದು ನಮಗೆ ಸಿಗುತ್ತಿದ್ದದ್ದು ದನದ ದವಾಖಾನೆಯಲ್ಲಿ. ಹೋರಿಗಳ ವೀರ್ಯ ಕೆಡದ ಹಾಗೆ ಇಡುವುದಕ್ಕೆ ಅವರು ತರಿಸುತ್ತಿದ್ದರು, ಮಿಕ್ಕಿದರೆ ನಮಗೆ ಕೊಡುತ್ತಿದ್ದರು. ಗುಂಪಿನಲ್ಲಿ ಎಲ್ಲರಿಗಿಂತ ಹೊಸಬ ನಾನಾದ್ದರಿಂದ ತರುವ ಕೆಲಸ ನನಗೇ. ಸೈಕಲ್ಲಿನ ಹಿಂದೆ ಅಲ್ಯೂಮಿನಿಯಮ್ ಕ್ಯಾನು ಕಟ್ಟಿಕೊಂಡು, ಬಿಳಿ ಹೊಗೆ ಬಿಡುತ್ತ ಬರುತ್ತಿದ್ದೆ. ನಮ್ಮಪ್ಪ ಅಕ್ಕಲಕೋಟದ ಹತ್ತಿರ ಹನ್ನೂರಿನಲ್ಲಿ ಕುರಿ ಕಾಯುವವನು. ಒಮ್ಮೆ ಪೇಟೆಗೆ ಬಂದಾಗ ಇದನ್ನು ನೋಡಿ, "ಇಷ್ಟ ಸಾಲಿ ಕಲ್ತು ಹೋರಿ ಡಬ್ಬಿ ಹೊರಾಕತ್ತಿ ಅಲ್ಲೋ," ಅಂದಿದ್ದ. ನನಗೆ ಸಿಟ್ಟು ಬಂದಿತ್ತು. ಆ ವಯಸ್ಸಿನಲ್ಲಿ ನನಗೆ ಎಲ್ಲದಕ್ಕೂ ಸಿಟ್ಟು ಬರುತ್ತಿತ್ತು.

ಗುಂಪು ಅಂದರೆ ಮೂರೇ ಜನ. ನಮ್ಮ ಮಾರ್ಗದರ್ಶಕರಾದ ಸರ್, ನಾನು, ಮತ್ತು ನನಗಿಂತ ನಾಲ್ಕು ವರ್ಷ ಮೊದಲು ಸೇರಿದ್ದ ಒಬ್ಬಳು ಸಂಶೋಧಕಿ. ಆಕೆ ಅಕ್ಕಲಕೋಟದವಳು, ತಂದೆ ತಹಶೀಲ ಕಚೇರಿಯಲ್ಲಿ ಕಾರಕೂನ. ದಿನಾ ಎಸ್‌.ಟಿ. ಬಸ್ಸಿನಲ್ಲಿ ಬಂದುಹೋಗುತ್ತಿದ್ದಳು. ಮೊದಲ ದಿನ ನಾನು ಮರಾಠಿಯಲ್ಲಿ ತಡವರಿಸುವುದನ್ನು ಕೇಳಿ, "ಕನ್ನಡದಾಗ ಹೇಳೋ ತಮ್ಮಾ, ನಾನೂ ಆ ಕಡಿಯಾಕಿನ," ಅಂದಳು. ಅವತ್ತಿನಿಂದ ನನಗೆ ಆಕೆ ಅಕ್ಕ. ಮನೆಮಾತು ಕನ್ನಡವಾದರೂ ಅಕ್ಕ ಕಲಿತದ್ದು ಮರಾಠಿ ಸಾಲೆಯಲ್ಲಿ, ಕನ್ನಡ ಅಕ್ಷರ ಓದಲು ಬರುವುದಿಲ್ಲ. ನಾನು ಇದನ್ನು ಕನ್ನಡದಲ್ಲಿ ಬರೆಯಲು ಕೂತದ್ದರಲ್ಲಿ ಆಕೆ ಇದನ್ನು ಓದಲಾರಳೆಂಬ ಧೈರ್ಯವೂ ಸೇರಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಕೆಲಸ ನನಗೆ ಕಲಿಸಿದವಳು ಅಕ್ಕನೇ. ಸರ್ ಒಳ್ಳೆಯವರು, ಆದರೆ ಅವರ ತಲೆಯ ಮೇಲೆ ಕಾಲೇಜಿನ ನೂರೆಂಟು ಕಮಿಟಿಗಳಿದ್ದವು. ಏನು ಕೇಳಿದರೂ "ಬಘೂ" ಅನ್ನುತ್ತಿದ್ದರು, ನೋಡೋಣ ಅಂತ. ಅಕ್ಕ ಹಾಗಲ್ಲ. ಪಕ್ಕದಲ್ಲೇ ಕೂತು ಕಲ್ಲಿನ ಖಲ್ಲಿನಲ್ಲಿ ಪುಡಿ ಅರೆಯುವುದನ್ನು ತೋರಿಸುತ್ತಿದ್ದಳು. "ಖಾರ ಅರದಂಗ ಅರೀಬ್ಯಾಡ. ಜೋರ ಮಾಡಿದ್ರ ಪುಡಿ ಹಾರತದ. ಕೂಸಿನ ತಲಿ ಸವರಿದಂಗ ತಿರುವು." ಡಬ್ಬಿಯಲ್ಲಿ ಆಕೆ ದಿನಾ ತರುತ್ತಿದ್ದ ಕಡಕ ಭಾಕರಿ, ಶೇಂಗಾ ಚಟ್ನಿಯಲ್ಲಿ ಅರ್ಧ ನನ್ನ ಹೊಟ್ಟೆಗೆ ಹೋಗುತ್ತಿತ್ತು. ಪುಡಿ ಎಂಥದು, ನೀರು ಎಷ್ಟು ಕೆಟ್ಟದ್ದು ಎಂಬುದನ್ನೂ ಹೇಳಿಕೊಟ್ಟವಳು ಆಕೆಯೇ. ಬೇರಿಯಮ್ ಇರುವ ಈ ಬಿಲ್ಲೆಗೆ ತೇವ ಆಗಿಬರುವುದಿಲ್ಲ. ಗಾಳಿಯಲ್ಲಿನ ಪಸೆ ಸಾಕು ಅದನ್ನು ಕೆಡಿಸಲು. ಅದಕ್ಕೇ ಬಿಲ್ಲೆಗಳನ್ನು ಡೆಸಿಕೇಟರ್ ಎಂಬ ದಪ್ಪ ಗಾಜಿನ ಪಾತ್ರೆಯಲ್ಲಿ, ಪಸೆ ಹೀರುವ ನೀಲಿ ಹರಳುಗಳ ಮೇಲೆ ಇಟ್ಟು, ಮುಚ್ಚಳದ ಅಂಚಿಗೆ ಗ್ರೀಸು ಸವರಿ ಮುಚ್ಚುತ್ತಿದ್ದೆವು. "ಒದ್ದಿ ಕೈಲೆ ಮುಟ್ಟಿದ್ರ ನಿನ್ನ ಕೈ ಮುರೀತೀನಿ ನೋಡು," ಎಂದು ನಗುತ್ತಲೇ ಹೇಳಿದ್ದಳು.

ಅಕ್ಕ ಹೊಸ ರೀತಿಯಿಂದ ಬಿಲ್ಲೆ ಮಾಡಲು ನೋಡುತ್ತಿದ್ದಳು. ಒಣ ಪುಡಿ ಅರೆಯುವ ಬದಲು, ಎಲ್ಲವನ್ನೂ ಆಮ್ಲದಲ್ಲಿ ಕರಗಿಸಿ, ನಿಂಬೆಹುಳಿಯ ಹರಳು ಹಾಕಿ ಕುದಿಸುವುದು. ಅದು ಅಂಬಲಿಯ ಹಾಗೆ ಗಟ್ಟಿಯಾಗಿ, ಉಬ್ಬಿ, ಕೊನೆಗೆ ತಾನೇ ಹೊತ್ತಿಕೊಂಡು ಬೂದಿಯಾಗುತ್ತದೆ. ಆ ಬೂದಿಯ ಕಣಗಳು ಎಷ್ಟು ಸಣ್ಣವೆಂದರೆ ಎಷ್ಟು ಅರೆದರೂ ಅಷ್ಟು ಸಣ್ಣ ಮಾಡಲು ಬರುವುದಿಲ್ಲ. ಸಣ್ಣ ಕಣಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ, ಬಿಲ್ಲೆ ಒಳಗೆಲ್ಲ ಒಂದೇ ಸಮ ಆಗುತ್ತದೆ ಎಂಬುದು ಆಕೆಯ ವಾದ. ಎರಡು ವರ್ಷ ಬರೀ ಕೆಟ್ಟ ಬಿಲ್ಲೆಗಳೇ ಬಂದವು. ಆಮೇಲೆ ಒಂದು ಬಂತು.

ಅದರ ತಡೆ ಅಳೆದ ದಿನ ನಾನೂ ಇದ್ದೆ. ನಮ್ಮ ಹಳೆಯ ಬಿಲ್ಲೆಗಳಲ್ಲಿ ತಣ್ಣಗಾದ ಹಾಗೆ ತಡೆ ನಿಧಾನಕ್ಕೆ, ಒಲ್ಲದ ಮನಸ್ಸಿನಿಂದ ಇಳಿಯುತ್ತಿತ್ತು. ಇದರಲ್ಲಿ ನೆಟ್ಟಗೆ ಬಿತ್ತು. ಮೀಟರಿನ ಅಂಕಿ ಇದ್ದಕ್ಕಿದ್ದ ಹಾಗೇ ಸೊನ್ನೆಯಾಯಿತು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಅದನ್ನೇ ನೋಡುತ್ತಿದ್ದಳು. ಸರ್ ಕಾಗದದ ಮೇಲೆ ಬಿಡಿಸಿದ ತಡೆಯ ಗೆರೆಗೆ ಅಳತೆಪಟ್ಟಿ ಇಟ್ಟು ನೋಡಿದರು. ಆಮೇಲೆ ಮರಾಠಿಯಲ್ಲಿ, ಇದು ಬಹಳ ಚೆನ್ನಾಗಿದೆ, ಇಷ್ಟು ಚೆನ್ನಾಗಿರಬಾರದು ಅಂದರು. ಬಿಲ್ಲೆಗೆ ಬೆಳ್ಳಿಯ ಬಣ್ಣದಿಂದ ನಾಲ್ಕು ತಂತಿ ಅಂಟಿಸಿ ಅಳೆಯುತ್ತೇವೆ. ಒಳಗಿನ ಎರಡು ತಂತಿ ಒಂದಕ್ಕೊಂದು ತಾಗಿದರೂ ಮೀಟರು ಸೊನ್ನೆಯನ್ನೇ ತೋರಿಸುತ್ತದೆ. ಅಂಥ ಸುಳ್ಳು ಸೊನ್ನೆ ನಂಬಿ ಮರ್ಯಾದೆ ಕಳೆದುಕೊಂಡವರು ಊರೂರಿಗೆ ಇದ್ದರು. ಅಯಸ್ಕಾಂತವನ್ನು ಬಿಲ್ಲೆಯ ಮೇಲೆ ತೇಲಿಸಿ ನೋಡಿದೆವು, ತೇಲಿತು. ಆದರೆ ಅದು ನಮ್ಮ ಕಳಪೆ ಬಿಲ್ಲೆಗಳ ಮೇಲೂ ತೇಲುತ್ತಿತ್ತು. ಬಿಲ್ಲೆ ಒಳಗೆಲ್ಲ ಒಂದೇ ಸಮ ಇದೆಯೋ ಇಲ್ಲವೋ ಹೇಳುವ ಯಂತ್ರ ಮುಂಬೈಯ ಒಂದು ದೊಡ್ಡ ಸಂಸ್ಥೆಯಲ್ಲಿತ್ತು. ಸರ್ ಪತ್ರ ಬರೆದರು. ತಿಂಗಳುಗಟ್ಟಲೆ ಕಾದ ಮೇಲೆ ದಸರಾ ಮುಗಿದ ವಾರದಲ್ಲಿ ಒಂದು ದಿನ ಸಿಕ್ಕಿತು.

ಆ ಒಂದು ದಿನದ ಮೇಲೆ ಅಕ್ಕನ ಎಲ್ಲವೂ ನಿಂತಿತ್ತು. ಶಿಷ್ಯವೇತನ ವರ್ಷಾಂತ್ಯಕ್ಕೆ ಮುಗಿಯುತ್ತಿತ್ತು. ಮದುವೆ ಗೊತ್ತಾಗಿತ್ತು, ತುಳಸಿ ಲಗ್ನ ಮುಗಿದ ಮೇಲೆ ಮುಹೂರ್ತ. ಗಂಡಿನ ಮನೆಯವರು, ಪ್ರಬಂಧ ಬರೆಯುವುದಷ್ಟೇ ಉಳಿದಿದ್ದರೆ ಬರೆಯಲಿ, ಪ್ರಯೋಗ ಗಿಯೋಗ ಅಂತ ಮತ್ತೆ ಸೋಲಾಪುರಕ್ಕೆ ಹೋಗುವುದು ಬೇಡ ಅಂದಿದ್ದರು. ಮುಂಬೈಯಲ್ಲಿ ಸರಿ ಬಂದರೆ ಬರೆಯುವುದಷ್ಟೇ ಉಳಿಯುತ್ತಿತ್ತು. ಆ ಸಲ ಭಟ್ಟಿಯಲ್ಲಿ ಒಟ್ಟಿಗೆ ಸುಟ್ಟ ಮೂರು ಬಿಲ್ಲೆಗಳಲ್ಲಿ ಒಂದು ಸೀಳಿತ್ತು, ಒಂದನ್ನು ಬೇರೆ ಪರೀಕ್ಷೆಗೆ ಪುಡಿ ಮಾಡಿದ್ದೆವು. ಉಳಿದದ್ದು ಅದೊಂದೇ, ಅದಿದ್ದಾಗ ಮತ್ತೊಂದು ಮಾಡಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಅಷ್ಟರಲ್ಲಿ ಖಂಡೇನವಮಿ ಬಂತು.

ನಮ್ಮ ಕಡೆ ಆ ದಿನ ಕೆಲಸ ಮಾಡುವವನು ತನ್ನ ಕೆಲಸದ ಸಾಮಾನು ಪೂಜೆ ಮಾಡದೆ ಬಿಡುವುದಿಲ್ಲ. ಗಿರಣಿಯವರು ಮಗ್ಗಕ್ಕೆ, ಡ್ರೈವರು ಬಸ್ಸಿಗೆ, ನಮ್ಮಪ್ಪ ಕುರಿ ಉಣ್ಣೆ ಕತ್ತರಿಸುವ ಕತ್ತರಿಗೆ. ಪ್ರಯೋಗಾಲಯವೂ ಹೊರತಲ್ಲ. ಸರ್ ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಪ್ರತಿ ವರ್ಷ ಪೂಜೆ ಹೂಡುತ್ತಿದ್ದವಳು ಅಕ್ಕ. ಆ ವರ್ಷ ಮದುವೆಯ ಸೀರೆ ತರಲು ಮನೆಯವರ ಜೊತೆ ಹೋಗಿದ್ದಳು, ಅದಕ್ಕೇ ನನ್ನ ಪಾಲಿಗೆ ಬಂತು. ನಾನು ಹುರುಪಿನಲ್ಲಿದ್ದೆ. ಭಟ್ಟಿ ಒರೆಸಿ ಕುಂಕುಮ ಹಚ್ಚಿದೆ, ಮೀಟರಿಗೆ ಚೆಂಡುಹೂವಿನ ಸರ ಹಾಕಿದೆ, ಖಲ್ಲಿಗೆ ವಿಭೂತಿ ಎಳೆದೆ. ಆಮೇಲೆ ಮನಸ್ಸಿಗೆ ಬಂತು: ಅಪ್ಪ ನಮ್ಮ ಮನೆದೇವರು ಬೀರೋಬನ ಮುಂದೆ ಕತ್ತರಿ ಅಷ್ಟೇ ಇಡುವುದಿಲ್ಲ, ಆ ವರ್ಷದ ಮೊದಲ ಉಣ್ಣೆಯನ್ನೂ ಇಡುತ್ತಾನೆ. ದುಡಿದದ್ದು ದೇವರ ಮುಂದೆ ಬರಬೇಕು. ನಮ್ಮ ಕೋಣೆಯಲ್ಲಿ ದುಡಿದದ್ದು ಅಂದರೆ ಅಕ್ಕನ ಬಿಲ್ಲೆ. ಅದನ್ನು ಡೆಸಿಕೇಟರಿನಿಂದ ತೆಗೆದು, ತಾಮ್ರದ ತಟ್ಟೆಯಲ್ಲಿ ವೀಳ್ಯದೆಲೆಯ ಮೇಲೆ ಇಟ್ಟೆ. ಅಕ್ಕನ ಕೆಲಸ ಮುಂಬೈಯಲ್ಲಿ ಗೆಲ್ಲಲಿ ಅಂತ ಬೇಡಿಕೊಂಡೇ ಇಟ್ಟೆ. ಇದನ್ನು ಹೇಳಿದರೆ ತಪ್ಪಿಸಿಕೊಳ್ಳಲು ಹೇಳಿದ ಹಾಗಾಗುತ್ತದೆ, ಆದರೂ ನಡೆದದ್ದು ಹಾಗೆ.

ಬಿಲ್ಲೆಗೆ ಅರಿಷಿಣ, ಹೂವು ಏರಿಸಿದೆ. ಸರ್ ಬಂದರು, ಕೈಮುಗಿದರು, ತೆಂಗಿನಕಾಯಿ ಒಡೆದರು. ಹೂವಿನ ಕೆಳಗೆ ಏನಿದೆ ಅಂತ ಅವರು ನೋಡಲಿಲ್ಲ. ಯಾವುದೋ ಮೀಟಿಂಗಿಗೆ ಹೊತ್ತಾಗಿತ್ತು, ಪ್ರಸಾದ ಬಾಯಿಗೆ ಹಾಕಿಕೊಂಡು ಹೋದರು. ಕಾಯಿಯ ನೀರನ್ನು ನಾನು ಭಟ್ಟಿಗೆ, ಮೀಟರಿಗೆ, ತಟ್ಟೆಗೆ ಚಿಮುಕಿಸಿದೆ. ಒದ್ದೆ ಕೈ ಎಂದು ಹೆದರಿಸಿದ ಮಾತು ನನಗೆ ಮರೆತಿರಲಿಲ್ಲ. ತೀರ್ಥವೂ ನೀರೇ ಎಂದು ಹೊಳೆಯಲಿಲ್ಲ, ಅಷ್ಟೇ. ಮೂರು ವರ್ಷ ರಸಾಯನಶಾಸ್ತ್ರ ಓದಿ ಪಾಸಾಗಿದ್ದವನಿಗೆ ಹೊಳೆಯಲಿಲ್ಲ.

ಪೂಜೆಗೆ ಇಟ್ಟದ್ದನ್ನು ದಸರಾ ಮುಗಿಯುವ ತನಕ ಕದಲಿಸಬಾರದು. ಬಾಗಿಲಿಗೆ ಕೀಲಿ ಹಾಕಿ ಊರಿಗೆ ಹೋದೆ. ಹಬ್ಬ ಮಾಡಿದೆ, ಬನ್ನಿ ಕೊಟ್ಟು ಹಿರಿಯರ ಕಾಲಿಗೆ ಬಿದ್ದೆ, ಹೋಳಿಗೆ ತಿಂದು ಮಲಗಿದೆ. ಮೂರನೆಯ ದಿನ ಮರಳಿ ಬಂದು ಕೀಲಿ ತೆಗೆದಾಗ ಎಲೆ ಬಾಡಿತ್ತು, ಹೂವು ಕೊಳೆತ ವಾಸನೆ ಬರುತ್ತಿತ್ತು. ಬಿಲ್ಲೆಯ ಮೇಲಿನ ಅರಿಷಿಣ ಕೆಂಪಾಗಿತ್ತು. ಕುಂಕುಮ ಹರಿದಿರಬೇಕು ಅಂದುಕೊಂಡೆ. ಆದರೆ ಬಿಲ್ಲೆಗೆ ನಾನು ಕುಂಕುಮ ಹಚ್ಚಿರಲಿಲ್ಲ. ಅರಿಷಿಣಕ್ಕೆ ಸುಣ್ಣ ಕೂಡಿದರೆ ಕೆಂಪಾಗುವುದು ಆರತಿ ತಟ್ಟೆ ನೋಡಿದ ಯಾರಿಗಾದರೂ ಗೊತ್ತು. ನಾನು ಸುಣ್ಣ ಹಾಕಿರಲಿಲ್ಲ. ನೀರು ತಾಗಿ ಒಳಗಿನ ಬೇರಿಯಮ್ಮೇ ಸುಣ್ಣದ ಹಾಗೆ ಹೊರಗೆ ಬಂದಿತ್ತು. ಅಂಚಿನಲ್ಲೆಲ್ಲ ಬಿಳಿ ಬೂಷ್ಟು.

ಆಮೇಲೆ ಮಾಡಿದ್ದಕ್ಕೆ ಹಬ್ಬದ ನೆಪ ಇಲ್ಲ, ದೇವರ ನೆಪ ಇಲ್ಲ. ನುಣುಪು ಪಾಲಿಶ್ ಕಾಗದ ತಗೊಂಡು ಬಿಲ್ಲೆಯ ಎರಡೂ ಮುಖ, ಅಂಚು ಉಜ್ಜಿದೆ. ಕರಿ ಬಣ್ಣ ಮತ್ತೆ ಬಂತು. ಡೆಸಿಕೇಟರಿನಲ್ಲಿಟ್ಟು, ಮುಚ್ಚಳಕ್ಕೆ ಹೊಸ ಗ್ರೀಸು ಸವರಿದೆ. ತಟ್ಟೆ ತೊಳೆದೆ. ಮಧ್ಯಾಹ್ನ ಅಕ್ಕ ಬಂದಳು, ನನಗೆ ಹೋಳಿಗೆ ತಂದಿದ್ದಳು. "ಪೂಜಿ ಚಂದ ಮಾಡ್ದ್ಯಾ?" ಅಂದಳು. ಚಂದ ಆಯಿತು ಅಂದೆ. ಅವತ್ತೇ ಸಂಜೆಯ ಗಾಡಿಗೆ ಅಣ್ಣನ ಜೊತೆ ಮುಂಬೈಗೆ ಹೊರಟಳು, ಬಿಲ್ಲೆಯ ಸಣ್ಣ ಡಬ್ಬಿಯನ್ನು ಎದೆಗೆ ಹಿಡಿದುಕೊಂಡು.

ನಾಲ್ಕು ದಿನಕ್ಕೆ ಮರಳಿ ಬಂದಳು. ಸ್ಟೂಲಿನ ಮೇಲೆ ಕೂತು, ಯಾರೂ ಕೇಳದಿದ್ದರೂ ಸರ್‌ಗೆ ಮರಾಠಿಯಲ್ಲಿ ಹೇಳಿದಳು, ನನ್ನ ನೆನಪಿನಲ್ಲಿ ಅದು ನಮ್ಮ ಮಾತಿನಲ್ಲೇ ಉಳಿದಿದೆ. "ಏನೂ ಬರಲಿಲ್ಲರಿ ಸರ್. ಬಂದ ಸಿಗ್ನಲ್ಲೂ ಭಾಳ ಸಣ್ಣದು. ಬಿಲ್ಲಿ ತೂಕ ಸುದ್ದಾ ನನ್ನ ವಹಿಯೊಳಗ ಬರದದ್ದಕ್ಕಿಂತ ಕಡಿಮಿ ಬಂತು. ನಾನೇ ತಪ್ಪ ಬರಕೊಂಡಿರಬೇಕು." ಸರ್ ಎದುರಿಗೆ ಮತ್ತೆ ತಂತಿ ಅಂಟಿಸಿ ಅಳೆದಳು. ಈ ಸಲ ಗೆರೆ ನೆಟ್ಟಗೆ ಬೀಳಲಿಲ್ಲ, ಎಳೆದುಕೊಂಡು ಹೋಯಿತು. ಸರ್ ಬೈಯಲಿಲ್ಲ. ಮೊದಲ ಸಲ ತಂತಿ ತಾಗಿರಬೇಕು, ಹೀಗೆ ಆಗುತ್ತದೆ, ಎಲ್ಲರಿಗೂ ಆಗಿದೆ ಅಂದರು. ಅಕ್ಕ, "ತಂತಿ ನಾನ ಕೂಡ್ಸಿದ್ದರಿ, ನಡಕ ಜಾಗಾ ಇತ್ತು," ಅಂದಳು. ಮತ್ತೆ ಬಗ್ಗಿ ತಂತಿಗಳನ್ನು ನೋಡಿ, "ಇತ್ತು ಅಂತ ಅನಸ್ತದ," ಅಂದಳು. ನಾನು ಅಲ್ಲೇ ನಿಂತಿದ್ದೆ. ಖಲ್ಲು ಒರೆಸುತ್ತಿದ್ದೆ, ಅದು ಸ್ವಚ್ಛವಾಗಿಯೇ ಇತ್ತು.

ಹೇಳಬೇಕು ಅಂತ ಎಷ್ಟು ಸಲ ಬಾಯಿ ತೆರೆದೆನೋ. ಸರ್ ಹೊರಗೆ ಹಾಕುತ್ತಾರೆ ಎಂಬ ಹೆದರಿಕೆ ಇತ್ತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು ನಾನು, ಮರಳಿ ಕುರಿ ಹಿಂದೆ ಹೋಗುವ ಮನಸ್ಸಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಬಿಲ್ಲೆ ಹೋದದ್ದು ಹೋಯಿತು, ಈಗ ಹೇಳಿದರೆ ಮರಳಿ ಬರುತ್ತದೆಯೇ ಎಂಬ ಒಂದು ಸುಳ್ಳು ವಾದ ನನಗೆ ಬಹಳ ಹಿಡಿಸಿತ್ತು. ನಾಳೆ ಹೇಳೋಣ ಅನ್ನುತ್ತ ತುಳಸಿ ಲಗ್ನ ಬಂದೇಬಿಟ್ಟಿತು. ಅಕ್ಕ ತನ್ನ ಲೆಕ್ಕದ ವಹಿಗಳನ್ನೆಲ್ಲ ಕಪಾಟಿನಲ್ಲಿ ಜೋಡಿಸಿ, ಕೀಲಿಕೈ ನನ್ನ ಕೈಗೆ ಕೊಟ್ಟು ಹೋದಳು. ಪ್ರಬಂಧ ಅರ್ಧಕ್ಕೆ ನಿಂತಿತು. ಮದುವೆಗೆ ಹೋಗಿ ಉಂಡು ಬಂದೆ. ಊಟ ಚೆನ್ನಾಗಿತ್ತು ಅನ್ನುವುದೂ ನೆನಪಿದೆ, ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಎರಡು ವರ್ಷದ ಮೇಲೆ ನನ್ನ ಕೈಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಒಂದು ದಿನ ಅಕ್ಕನ ವಹಿ ತೆಗೆದು, ಆಕೆ ಬರೆದಿಟ್ಟ ಹಾಗೆ, ಒಂದಕ್ಷರ ಆಚೀಚೆ ಮಾಡದೆ ಬಿಲ್ಲೆ ಮಾಡಿದೆ. ಗೆರೆ ನೆಟ್ಟಗೆ ಬಿತ್ತು. ಮುಂಬೈಗೆ ಒಯ್ದೆ, ಅಲ್ಲೂ ಸರಿ ಬಂತು. ಸರ್ ಬಹಳ ಖುಷಿಯಾದರು, ಆಕೆಯ ಕೈಯಲ್ಲಿ ಆಗದ್ದು ನಿನ್ನ ಕೈಯಲ್ಲಿ ಆಯಿತು ಅಂದರು. ನಾನು ಆ ಮಾತನ್ನೂ ತಿದ್ದಲಿಲ್ಲ. ನನ್ನ ಪ್ರಬಂಧದಲ್ಲಿ ಆಭಾರ ಹೇಳುವ ಪುಟದಲ್ಲಿ ಅಕ್ಕನ ಹೆಸರು ಇದೆ, ಸರ್ ಹೆಸರಿನ ಕೆಳಗೆ, ದನದ ದವಾಖಾನೆಯವರ ಮೇಲೆ. ಅದರ ಮೇಲೆ ಡಾಕ್ಟರ್ ಆದೆ, ನೌಕರಿ ಸಿಕ್ಕಿತು.

ಆ ದಶಕ ಮುಗಿಯುತ್ತ ಬಂದಾಗ, ಊರಿಗೆ ಹೋಗಲು ಅಕ್ಕಲಕೋಟದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಗುರುವಾರ, ಗುಡಿಗೆ ಬಂದ ಜನ ತುಂಬಿದ್ದರು. "ತಮ್ಮಾ," ಅಂತ ಯಾರೋ ಕರೆದರು. ಅಕ್ಕ. ತವರಿಗೆ ಬಂದು ಕಲಬುರ್ಗಿಗೆ ಹೊರಟಿದ್ದಳು, ಜೊತೆಗೆ ನಾಲ್ಕು ವರ್ಷದ ಮಗಳು. ನಾನು ಪ್ರಾಧ್ಯಾಪಕನಾದದ್ದು ಕೇಳಿ ಮನಸಾರೆ ಸಂತೋಷಪಟ್ಟಳು. ನಾನು ಕೇಳಿದೆ, ನೀವು ಏನು ಮಾಡ್ತೀರಿ, ಎಲ್ಲಾದರೂ ಕಲಿಸ್ತೀರೇನು ಅಂತ.

"ಒಂದ ಸಾಲ್ಯಾಗ ಕರದಿದ್ರು. ಹೋಗಲಿಲ್ಲ," ಅಂದಳು. "ನನ್ನ ಕೈ ಮ್ಯಾಲ ನನಗ ಭರೋಸಾ ಉಳದಿಲ್ಲ ನೋಡು. ಹಾಲಿಗೆ ಹೆಪ್ಪ ಹಾಕಿದ್ರ ಮೂರ ಸಲ ತಗದ ನೋಡ್ತೀನಿ, ಹಾಕೀನೋ ಇಲ್ಲೋ ಅಂತ. ಮನ್ಯಾಗ ನಗತಾರ." ತಾನೂ ನಕ್ಕಳು. "ಆ ತಂತಿ ಹೆಂಗ ತಾಗ್ತು ಅಂತ ಒಮ್ಮೊಮ್ಮೆ ಈಗೂ ಕೂತ ವಿಚಾರ ಮಾಡ್ತೀನಿ. ನಡಕ ಜಾಗಾ ಇತ್ತೋ."

ಆಗ ಹೇಳಿದೆ. ಪೂಜೆ, ವೀಳ್ಯದೆಲೆ, ಕಾಯಿಯ ನೀರು, ಕೆಂಪಾದ ಅರಿಷಿಣ, ಪಾಲಿಶ್ ಕಾಗದ, ಎಲ್ಲ. ಆಕೆಯ ವಹಿ ನೋಡಿ ನಾನು ಮಾಡಿದ್ದು, ಅದು ಸರಿ ಬಂದದ್ದು, ಅದನ್ನೂ ಹೇಳಿದೆ. ತಂತಿ ತಾಗಿರಲಿಲ್ಲರಿ ಅಕ್ಕಾ, ಅಂದೆ. ಅಕ್ಕ ನನ್ನ ಮುಖ ನೋಡುತ್ತಲೇ ಕೇಳಿದಳು. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ, ಆಗಿದ್ದರೆ ನನಗೆ ಹಗುರಾಗುತ್ತಿತ್ತು. ಮಗಳು ನೀರು ಬೇಡಿದಳು, ಬಾಟಲಿಯ ಮುಚ್ಚಳ ತೆಗೆದು ಕುಡಿಸಿದಳು, ಮುಚ್ಚಳ ಬಿಗಿಯಾಗಿದೆಯೋ ಅಂತ ಮತ್ತೊಮ್ಮೆ ತಿರುವಿ ನೋಡಿದಳು. ಕಲಬುರ್ಗಿ ಬಸ್ಸು ಬಂದು ನಿಂತಿತು. ನಾನು ಚೀಲ ಎತ್ತಲು ಹೋದೆ, ಬೇಡ ಅಂದು ತಾನೇ ಎತ್ತಿಕೊಂಡಳು.

"ಒಂದ ಬಿಲ್ಲಿ ಮಾಡೂದು ಎಂಟ ದಿವಸದ ಕೆಲಸ, ತಮ್ಮಾ," ಅಂದಳು. "ಅವತ್ತ ಹೇಳಿದ್ದರ, ಮುಂಬೈಕ ಒಂದ ಫೋನ್ ಮಾಡಿ ದಿನ ಮುಂದ ಹಾಕ್ಸಿ, ಮತ್ತೊಂದ ಮಾಡ್ಕೊಂಡ ಹೋಗ್ತಿದ್ದೆ."